ಕಾರವಾರಕ್ಕೆ ಬಂದಿಳಿದವರಿಗೆ: ಘಟ್ಟದ ಮೇಲೆ, ಘಟ್ಟದ ಕೆಳಗೆ

ನೌಕಾನೆಲೆಗೋ ಕೈಗಾ ಅಣುಸ್ಥಾವರಕ್ಕೋ ಜಿಲ್ಲಾ ಕಚೇರಿಗೋ ವರ್ಗವಾಗಿ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು, "ಇಲ್ಲಿ ಕನ್ನಡ ನಡೆಯುತ್ತದಾ?" ಎಂದು. ನಡೆಯುತ್ತದೆ. ಮೀನು ಪೇಟೆಯಲ್ಲಿ ಕೊಂಕಣಿಯಲ್ಲಿ ಮಾತಾಡುತ್ತ ಕೂತವರನ್ನು ಕನ್ನಡದಲ್ಲೇ ಬಂಗಡೆಯ ದರ ಕೇಳಿ ನೋಡಿ, ಉತ್ತರವೂ ಚೌಕಾಸಿಯೂ ಕನ್ನಡದಲ್ಲೇ ಸಿಗುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ಇಲ್ಲಿ ಬಹಳ. ಕೊಂಕಣಿ ಕಿವಿಗೆ ಬಿದ್ದ ಮಾತ್ರಕ್ಕೆ ಅವರನ್ನು ಪರರಾಜ್ಯದವರೆಂದು ಎಣಿಸಬೇಡಿ. ಈ ಊರಿಗೆ ಹೊಸಬರು ನಾವು, ಅವರಲ್ಲ.

ಈ ವಿಷಯ ಸೂಕ್ಷ್ಮವಾಗಿರುವುದಕ್ಕೆ ಚರಿತ್ರೆಯ ಕಾರಣವಿದೆ. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಕರಾವಳಿಯ ಈ ತುಂಡು ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆಮೇಲೂ ಕಾರವಾರ ತನ್ನದೆಂದು ಮಹಾರಾಷ್ಟ್ರ ವಾದಿಸಿತು, ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗದ 1967ರ ವರದಿ ಅದನ್ನು ಒಪ್ಪಲಿಲ್ಲ. ಭಾಷೆಯ ಮಾತು ಬಂದಾಗ ಹಿರಿಯರ ದನಿ ಏರುವುದು ಇದರಿಂದ. ಅಂದಹಾಗೆ, ಶಾಲೆಗೆ ಹೋದರೆ ಶಿಕ್ಷಕಿಯನ್ನು "ಮಿಸ್" ಎನ್ನುವ ಬದಲು "ಅಕ್ಕೋರೆ" ಎಂದು ಕರೆದು ನೋಡಿ, ಅವರ ಮುಖ ಅರಳುತ್ತದೆ.

ಜಿಲ್ಲೆಯ ಭೂಗೋಳ ತಿಳಿಯಲು ಎರಡೇ ಮಾತು ಸಾಕು: ಘಟ್ಟದ ಮೇಲೆ, ಘಟ್ಟದ ಕೆಳಗೆ. ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ; ಮೀನು, ಗದ್ದೆ, ಉಪ್ಪಿನಾಗರ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ತೋಟ ಮತ್ತು ಬೆಟ್ಟ. ಮುಂಡಗೋಡ, ಹಳಿಯಾಳದ ಕಡೆ ಆಗಲೇ ಬಯಲುಸೀಮೆಯ ಗಾಳಿ. ಜೋಯಿಡಾ, ದಾಂಡೇಲಿ ದಟ್ಟ ಕಾಡು. ಮುಂಡಗೋಡಿನವರಿಗೆ ಹುಬ್ಬಳ್ಳಿ ಹತ್ತಿರ, ಕಾರವಾರ ದೂರ. ಹಾಗಾಗಿ ಶಿರಸಿಯನ್ನೇ ಪ್ರತ್ಯೇಕ ಜಿಲ್ಲೆ ಮಾಡಿ ಎಂಬ ಕೂಗು ಆಗಾಗ ಏಳುತ್ತದೆ. ಒಂದು ದಿನ ರಜೆ ಹಾಕಿ ಜಿಲ್ಲಾ ಕಚೇರಿಗೆ ಬರುವವರ ಪಾಡು ನೋಡಿದರೆ ಆ ಕೂಗು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ನೆರೆಹೊರೆಯವರ ವಿಷಯ. ಅಂಕೋಲಾ, ಕುಮಟಾದ ಕಡೆ ಕೊರಳ ತುಂಬ ಕರಿಮಣಿ ಸರ ತೊಟ್ಟ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರನ್ನು ಕಾಣುತ್ತೀರಿ. ಹಾಡಿಗಾಗಿ ಸುಕ್ರಿ ಬೊಮ್ಮಗೌಡರಿಗೂ ಗಿಡಮರದ ಸೇವೆಗಾಗಿ ತುಳಸಿ ಗೌಡರಿಗೂ ಪದ್ಮಶ್ರೀ ಬಂದದ್ದು ಈ ಸಮುದಾಯಕ್ಕೆ. ಆದರೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಹಾಲಕ್ಕಿಗಳ ಬೇಡಿಕೆ ಹಳೆಯದಾಗುತ್ತಲೇ ಇದೆ. ಯಲ್ಲಾಪುರ, ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿಗಳಿಗೆ ಆ ಮಾನ್ಯತೆ 2003ರಲ್ಲಿ ಸಿಕ್ಕಿತು. ಹವ್ಯಕರು, ನಾಮಧಾರಿಗಳು, ನಾಡವರು, ಖಾರ್ವಿಗಳು, ಹರಿಕಂತ್ರರು, ಕೊಮಾರಪಂತರು, ಜೋಯಿಡಾದ ಕುಣಬಿಗಳು, ಭಟ್ಕಳದ ನವಾಯತರು, ಮುಂಡಗೋಡಿನ ಟಿಬೆಟಿಯನ್ನರು, ಎಲ್ಲರೂ ಈ ಒಂದೇ ಜಿಲ್ಲೆಯವರು.

ಇನ್ನು ಕೆಲಸದ ಜಾಗದಲ್ಲಿ ಯಾರೂ ಹೇಳಿಕೊಡದ ಒಂದು ಮಾತು. ನಮ್ಮಲ್ಲಿ ಅನೇಕರ ಸಂಬಳ ಯಾರದೋ ಊರು ಹೋದ ಜಾಗದಿಂದ ಬರುತ್ತದೆ. 1986ರಲ್ಲಿ ನೌಕಾನೆಲೆಯ ಯೋಜನೆಯಾದ ಸೀಬರ್ಡ್‌ಗೆ ಅಡಿಗಲ್ಲು ಬಿತ್ತು; ಅರ್ಗಾದ ಸುತ್ತಲಿನ ಮೀನುಗಾರರು, ರೈತರು ಕಡಲನ್ನೂ ಹೊಲವನ್ನೂ ಬಿಟ್ಟು ಎದ್ದರು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಸೂಪಾ ಪೇಟೆಯೇ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕದ್ರಾ, ಕೊಡಸಳ್ಳಿಯಲ್ಲೂ ಅದೇ ಕಥೆ. "ನಿಮ್ಮ ಮೂಲ ಊರು ಯಾವುದು?" ಎಂದು ಕೇಳಿದಾಗ ಯಾರಾದರೂ ಸುಮ್ಮನಾದರೆ ಮಾತು ಮುಂದುವರಿಸಬೇಡಿ. ಅವರೇ ಹೇಳಲು ತೊಡಗಿದರೆ ಕೂತು ಕೇಳಿ.

ಮತಪಟ್ಟಿಗೆ ಹೆಸರು ಸೇರಿಸುವಾಗ ಇಷ್ಟು ಗೊತ್ತಿರಲಿ: ಜಿಲ್ಲೆಗೆ 6 ವಿಧಾನಸಭಾ ಕ್ಷೇತ್ರ, ಲೋಕಸಭೆಗೆ ಅವುಗಳ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರುತ್ತವೆ. ಯಾವ ಪಕ್ಷದ ಸಭೆಗೆ ಹೋದರೂ ಒಂದು ಪ್ರಶ್ನೆ ಏಳುತ್ತದೆ, "ದೊಡ್ಡಾಸ್ಪತ್ರೆ ಯಾವಾಗ ಬರುತ್ತದೆ?" ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ, ಹೃದಯಕ್ಕೋ ತಲೆಗೋ ಪೆಟ್ಟಾದರೆ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡುವವರೇ ಹೆಚ್ಚು. ಮನೆ ಹಿಡಿದ ಮೊದಲ ವಾರವೇ ಆಂಬುಲೆನ್ಸ್ ನಂಬರನ್ನು ಗೋಡೆಗೆ ಅಂಟಿಸಿ. ವಿಮೆ ಗೋವಾದಲ್ಲೂ ನಡೆಯುತ್ತದೆಯೇ ವಿಚಾರಿಸಿ.

ಮಳೆಗಾಲದಲ್ಲಿ ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ಕೇಳದೆ ಗಾಡಿ ತೆಗೆಯಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಬಿತ್ತು, ಜೀವಗಳು ಹೋದವು. ಮೂರು ವಾರ ಕಳೆಯುವಷ್ಟರಲ್ಲಿ ಕಾಳಿಯ ಹಳೆ ಸೇತುವೆ ಮುರಿಯಿತು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಹಸಿ ಮೀನು ತುಟ್ಟಿ; ಒಣ ಮೀನನ್ನು ಮೇ ತಿಂಗಳಲ್ಲೇ ಕಟ್ಟಿಟ್ಟುಕೊಳ್ಳಿ.

ಹೋಳಿಯ ಹೊತ್ತಿಗೆ ಅಂಕೋಲಾ ಕಡೆ ಬಾಡಿಗೆಗಿದ್ದರೆ ಸುಗ್ಗಿ ಮೇಳ ನಿಮ್ಮ ಅಂಗಳಕ್ಕೂ ಬಂದೀತು. ತಲೆಗೆ ಬಣ್ಣದ ತುರಾಯಿ ಕಟ್ಟಿ ಕುಣಿಯುವವರು ಹಾಲಕ್ಕಿಗಳು. ಗೇಟು ತೆರೆದಿಡಿ, ಅಕ್ಕಿ, ಕಾಯಿ, ಕೈಲಾದಷ್ಟು ಕಾಣಿಕೆ ಸಿದ್ಧವಿರಲಿ. ಫೋಟೋ ತೆಗೆಯುವುದಿದ್ದರೆ ಹಿರಿಯರನ್ನು ಮೊದಲು ಕೇಳಿ.