ಮೀಟರಲ್ಲಿ 12 ವೋಲ್ಟ್, ಬಲ್ಬಲ್ಲಿ ಕತ್ತಲು

ನಮ್ಮ ಮನೆ ಇರುವುದು ಆಲ್ದೂರಿನಿಂದ ಸ್ವಲ್ಪ ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಒಂಟಿ ದಾರಿ, ಒಂದು ಕಡೆ ಕಾಫಿ ತೋಟದ ಬೇಲಿ, ಇನ್ನೊಂದು ಕಡೆ ಚರಂಡಿ. ಎದುರಿಗೆ ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಆ ಒಬ್ಬರು ಯಾವಾಗಲೂ ನಾನೇ, ಯಾಕಂದರೆ ನನ್ನದು 2004ರ ಮಾರುತಿ 800, ಎದುರಿಗೆ ಬರುವುದು ಜೀಪೋ ಪಿಕಪ್ಪೋ ಆಗಿರುತ್ತದೆ.

2024ರ ಜುಲೈ, ಪುಷ್ಯ ಮಳೆ. ರಾತ್ರಿ ಎಂಟೂವರೆಗೆ ಹೀಗೇ ಒಂದು ಪಿಕಪ್ ಎದುರಾಯಿತು. ರಿವರ್ಸ್ ಹಾಕಿದೆ, ಕನ್ನಡಿಯಲ್ಲಿ ಬರೀ ಕಪ್ಪು. ಅಂದಾಜಿನ ಮೇಲೆ ಹೋದೆ, ಎಡಗಡೆ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಪಿಕಪ್ಪಿನಲ್ಲಿದ್ದ ಆರು ಜನ ಇಳಿದು, ನಗುತ್ತಲೇ, ಕಾರನ್ನು ಎತ್ತಿ ಮೇಲಿಟ್ಟರು. 800ರ ದೊಡ್ಡ ಅನುಕೂಲ ಅದೇ ಅಲ್ವಾ. ಆಗಲೇ ಅವರಲ್ಲಿ ಒಬ್ಬರು ಹೇಳಿದ್ದು, "ಅಣ್ಣ, ನಿಮ್ಮ ರಿವರ್ಸ್ ಲೈಟೇ ಇಲ್ಲ."

ಎಷ್ಟು ದಿನದಿಂದ ಇರಲಿಲ್ಲವೋ. ನಮ್ಮ ಕಾರಿನ ಹಿಂಭಾಗ ನಾವು ನೋಡುವುದೇ ಇಲ್ಲ. ಅದೂ ಅಲ್ಲದೆ ಆ ಸೆಪ್ಟೆಂಬರಿನಲ್ಲಿ ಆರ್‌ಸಿ ರಿನ್ಯೂವಲ್ ಇತ್ತು. 15 ವರ್ಷ ಆದ ಗಾಡಿಗೆ ಅದು ಐದು ವರ್ಷಕ್ಕೊಮ್ಮೆ, ಲೈಟುಗಳನ್ನೂ ನೋಡುತ್ತಾರೆ. ಹಾಗಾಗಿ ಮುಂದೂಡುವ ಹಾಗಿರಲಿಲ್ಲ.

ಚಿಕ್ಕಮಗಳೂರಿಗೆ ಹೋದಾಗ ಒಬ್ಬ ಮೆಕ್ಯಾನಿಕ್ ಹತ್ತಿರ ಕೇಳಿದೆ. ಬಾನೆಟ್ ಕೂಡ ಎತ್ತಲಿಲ್ಲ. "ಸ್ವಿಚ್ ಹೋಗಿದೆ ಸಾರ್. ಗೇರ್‌ಬಾಕ್ಸಲ್ಲಿ ಇರುತ್ತೆ, ಬಿಚ್ಚಿ ಹಾಕಬೇಕು, ನಾಳೆ ಬಿಟ್ಟು ಹೋಗಿ" ಅಂದರು. ಇರಬಹುದು, ಸ್ವಿಚ್ ಹೋಗುವುದು ನಿಜ. ಆದರೆ ನೋಡದೆ ಹೇಗೆ ಗೊತ್ತಾಯಿತು? ಮನೆಗೆ ವಾಪಸ್ ಬಂದೆ.

ರಿವರ್ಸ್ ಲೈಟಿನ ಲೈನ್ ಕಾರಿನಲ್ಲಿರುವ ಸುಲಭದ ಲೈನುಗಳಲ್ಲಿ ಒಂದು. ಬ್ಯಾಟರಿಯಿಂದ ಇಗ್ನಿಷನ್ ಕೀ, ಅಲ್ಲಿಂದ ಫ್ಯೂಸ್, ಅಲ್ಲಿಂದ ಗೇರ್‌ಬಾಕ್ಸ್ ಮೇಲಿನ ಸ್ವಿಚ್. ರಿವರ್ಸ್ ಗೇರ್ ಬಿದ್ದಾಗ ಒಳಗಿನಿಂದ ಒಂದು ಗುಂಡಿ ಒತ್ತಿಕೊಂಡು ಸ್ವಿಚ್ ಕೂಡುತ್ತದೆ, ಕರೆಂಟು ಹಿಂದಿನ ಬಲ್ಬುಗಳಿಗೆ ಹೋಗುತ್ತದೆ, ಬಲ್ಬಿನಿಂದ ಕಾರಿನ ತಗಡಿಗೆ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಅಷ್ಟೇ. ಒಂದು ಕಡೆ ಮಾತ್ರ ಉರಿಯದಿದ್ದರೆ ತೊಂದರೆ ಆ ಕಡೆಯ ಬಲ್ಬು, ಹೋಲ್ಡರ್, ಇಲ್ಲವೇ ಅರ್ತ್. ಎರಡೂ ಹೋಗಿದ್ದರೆ ಎರಡಕ್ಕೂ ಸೇರಿದ ಜಾಗ, ಅಂದರೆ ಫ್ಯೂಸ್, ಸ್ವಿಚ್, ವೈರ್. ಇದು ಪುಸ್ತಕದ ಮಾತು. ನಿಜದಲ್ಲಿ ಒಂದು ಬಲ್ಬ್ ಯಾವಾಗಲೋ ಹೋಗಿರುತ್ತದೆ, ಯಾರೂ ನೋಡಿರುವುದಿಲ್ಲ, ಇನ್ನೊಂದಕ್ಕೆ ಬೇರೆ ಕಾಯಿಲೆ ಬಂದಾಗ ಎರಡೂ ಒಟ್ಟಿಗೆ ಹೋಯಿತು ಅಂತ ನಮಗೆ ಅನ್ನಿಸುತ್ತದೆ.

ನನ್ನ ಕಾರಲ್ಲಿ ಅದೇ ಆಗಿತ್ತು. ಬಲಗಡೆ ಬಲ್ಬಿನ ತಂತಿ ತುಂಡಾಗಿತ್ತು, ಗಾಜು ಒಳಗೆ ಕಪ್ಪಗಾಗಿತ್ತು. ಎಡಗಡೆದು ಚೆನ್ನಾಗಿಯೇ ಇತ್ತು. ಫ್ಯೂಸೂ ಸರಿ ಇತ್ತು. ಸ್ಪೇರ್ ಅಂಗಡಿಗೆ ಹೋಗಿ 12 ವೋಲ್ಟ್ 21 ವ್ಯಾಟ್, ಸಿಂಗಲ್ ಕಾಂಟ್ಯಾಕ್ಟ್ ಬಲ್ಬ್ ಎರಡು ತಂದೆ. ಬ್ರೇಕಿಗೆ ಹಾಕುವ ಡಬಲ್ ಕಾಂಟ್ಯಾಕ್ಟ್ ಬಲ್ಬ್ ನೋಡಲು ಹಾಗೇ ಇರುತ್ತದೆ, ಹಳೇದನ್ನು ಜೇಬಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಅಂಗಡಿ ಹುಡುಗ ಎಲ್‌ಇಡಿ ಹಾಕಿ ಸಾರ್, ಬೆಳಕು ಜಾಸ್ತಿ ಅಂದ. ಯಾಕೋ ಬೇಡ ಅನ್ನಿಸಿತು. ಬೇಡ ಅಂದಿದ್ದೇ ಒಳ್ಳೆಯದಾಯಿತು, ಮುಂದೆ ಹೇಳುತ್ತೇನೆ.

ಹೊಸ ಬಲ್ಬ್ ಹಾಕಿದೆ. ಎರಡೂ ಉರಿಯಲಿಲ್ಲ.

ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ರಿವರ್ಸ್ ಹಾಕಿಟ್ಟೆ. ಎರಡೂ ಬಲ್ಬ್ ತೆಗೆದು ಮಲ್ಟಿಮೀಟರ್ ಹಿಡಿದರೆ ಹೋಲ್ಡರಲ್ಲಿ 12.3 ವೋಲ್ಟ್! ಕರೆಂಟ್ ಬರ್ತಾ ಇದೆ, ಬಲ್ಬ್ ಹೊಸದು, ಮತ್ತೆ ಉರಿಯುವುದಿಲ್ಲ ಅಂದರೆ? ಹೋಲ್ಡರ್ ಕೆರೆದೆ, ಬಲ್ಬ್ ಅದಲು ಬದಲು ಮಾಡಿದೆ, ಅರ್ಧ ದಿನ ಸುಮ್ನೆ ಕಳೆದೆ. ಇಷ್ಟರ ಮೇಲೆ ಮೆಕ್ಯಾನಿಕ್ ಮಾತೇ ನಿಜ ಇರಬಹುದು ಅಂತ ಸ್ವಿಚ್ಚಿನ ಹತ್ತಿರ ಹೋದೆ. ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಸ್ವಿಚ್ಚಿಗೆ ಬರುವ ಕನೆಕ್ಟರ್ ಕಿತ್ತು, ಅದರ ಎರಡು ಪಿನ್ನಿಗೆ ಒಂದು ತುಂಡು ವೈರ್ ಸಿಕ್ಕಿಸಿದರೆ ಸ್ವಿಚ್ಚನ್ನು ದಾಟಿ ಹೋದಂತೆ. ಆಗ ಲೈಟ್ ಬಂದರೆ ಸ್ವಿಚ್ ಕೆಟ್ಟಿದೆ, ಬಾರದಿದ್ದರೆ ಅದರ ಮೇಲೆ ತಪ್ಪು ಹೊರಿಸಬೇಡಿ. ಬರಲಿಲ್ಲ.

ಸಂಜೆ ಚಾ ಕುಡಿಯುವಾಗ ಹೊಳೆಯಿತು. ಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವೈರ್ ಒಳಗೆ ಪೂರ್ತಿ ಕೊಳೆತು ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಬಲ್ಬಿಗೆ ಹಾಗಲ್ಲ, 21 ವ್ಯಾಟಿನದ್ದು ಒಂದಕ್ಕೇ ಒಂದು ಮುಕ್ಕಾಲು ಆಂಪಿಯರ್ ಬೇಕು, ಎರಡು ಅಂದರೆ ಮೂರೂವರೆ. ನಲ್ಲಿ ಪೈಪಲ್ಲಿ ಕಸ ಕಟ್ಟಿಕೊಂಡಿದ್ದರೆ ನಲ್ಲಿ ಮುಚ್ಚಿದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದರೆ ತೊಟ್ಟು ತೊಟ್ಟು ಬರುತ್ತದೆ. ನಾನು ಇಡೀ ಬೆಳಿಗ್ಗೆ ಮುಚ್ಚಿದ ನಲ್ಲಿಯನ್ನೇ ಅಳೆಯುತ್ತಿದ್ದೆ.

ಮಾರನೇ ದಿನ ಬಲ್ಬ್ ಎರಡನ್ನೂ ಹೋಲ್ಡರಲ್ಲೇ ಬಿಟ್ಟು ಅಳೆದೆ. ಸ್ವಿಚ್ಚಿನಿಂದ ಹೊರಡುವ ಕಡೆ 12.1. ಹಿಂದೆ ಹೋಲ್ಡರಿನ ಬೆನ್ನಲ್ಲಿ 1.8. ಹತ್ತು ವೋಲ್ಟ್ ನಡುದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ. ಅಂಗಡಿಯವನ ಎಲ್‌ಇಡಿ ಹಾಕಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ಕರೆಂಟು ಕಮ್ಮಿ ಸಾಕು, ಕೊಳೆತ ವೈರಿನಲ್ಲೂ ಹೇಗೋ ಮಿಣ ಮಿಣ ಅಂದುಕೊಂಡು ಒಂದು ಮಳೆಗಾಲ ನೂಕುತ್ತಿತ್ತು.

ವೈರ್ ಹಿಡಿದುಕೊಂಡು ಹಿಂದಿನಿಂದ ಮುಂದಕ್ಕೆ ಹುಡುಕಿದೆ. ಡಿಕ್ಕಿಯ ಕಾರ್ಪೆಟ್ ಎತ್ತಿದ ಕೂಡಲೇ ಹಸಿ ವಾಸನೆ, ಬೆರಳು ಒತ್ತಿದರೆ ನೀರು. ಬಾಗಿಲ ಬೀಡಿಂಗ್ ರಬ್ಬರ್ ಗಟ್ಟಿಯಾಗಿ ಒಂದು ಕಡೆ ಬಿರುಕು ಬಿಟ್ಟಿತ್ತು. ಎಡಗಡೆ ಮೂಲೆಯಲ್ಲಿ, ಪ್ಯಾನೆಲ್ ಹಿಂದೆ, ವೈರಿಗೆ ಒಂದು ದಪ್ಪ ಟೇಪಿನ ಗಂಟು. ಟೇಪಿನ ಅಂಟು ಕರಗಿ ಕಪ್ಪು ಬೆಲ್ಲದ ಹಾಗೆ ಆಗಿತ್ತು. ಬಿಡಿಸಿದರೆ ಒಳಗೆ ತಾಮ್ರವೇ ಕಾಣುವುದಿಲ್ಲ, ಬರೀ ಹಸಿರು ಕಿಲುಬು, ಉಗುರು ತಾಗಿಸಿದರೆ ಪುಡಿ ಪುಡಿಯಾಗಿ ಉದುರುತ್ತದೆ. ಎರಡೋ ಮೂರೋ ಎಳೆ ಮಾತ್ರ ಹಿಡಿದುಕೊಂಡಿತ್ತು.

ಆ ಗಂಟಿನಿಂದ ಇನ್ನೊಂದು ವೈರ್ ಒಳಗೆ ಹೋಗಿತ್ತು. ಎಳೆದರೆ ಬಂತು ನೋಡಿ, ಸೋಪಿನಷ್ಟು ದೊಡ್ಡ ಒಂದು ಕಪ್ಪು ಡಬ್ಬಿ. ರಿವರ್ಸ್ ಹಾರ್ನ್! ಆ ಕಾಲದಲ್ಲಿ ಕಾರು ಹಿಂದಕ್ಕೆ ಹೋಗುವಾಗ ಹಾಡು ಹೇಳುತ್ತಿದ್ದವಲ್ಲ, ಅದೇ. ನಾನು ಈ ಕಾರು ತಗೊಂಡಿದ್ದು 2011ರಲ್ಲಿ, ಅದು ಒಂದು ದಿನವೂ ಕೂಗಿಲ್ಲ. ಮೊದಲಿನ ಓನರ್ ಹಾಕಿಸಿದ್ದು, ಕೆಟ್ಟ ಮೇಲೂ ತೆಗೆಸಿಲ್ಲ. 13 ವರ್ಷ ನನ್ನ ಜೊತೆ ಸದ್ದಿಲ್ಲದೆ ಓಡಾಡಿದೆ.

ರಿಪೇರಿ ದೊಡ್ಡದೇನಲ್ಲ. ಬ್ಯಾಟರಿ ಕನೆಕ್ಷನ್ ತೆಗೆದು, ಗಂಟಿನ ಎರಡೂ ಕಡೆ ವೈರ್ ಕತ್ತರಿಸುತ್ತಾ ಹೋದೆ. ಕಿಲುಬು ಪ್ಲಾಸ್ಟಿಕ್ ಒಳಗೂ ನುಗ್ಗಿರುತ್ತದೆ, ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸಬೇಕು, ನನಗೆ ನಾಲ್ಕು ಇಂಚು ಹೋಯಿತು. ಅಷ್ಟೇ ದಪ್ಪದ ಹೊಸ ವೈರ್ ಸೇರಿಸಿ, ಸೋಲ್ಡರ್ ಮಾಡಿ, ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿದೆ. ಸ್ಲೀವನ್ನು ಸೋಲ್ಡರ್ ಮಾಡುವ ಮೊದಲೇ ವೈರಿಗೆ ಪೋಣಿಸಿಕೊಳ್ಳಬೇಕು. ನಾನು ಮರೆತೆ, ಎರಡು ಸಲ ಮಾಡಿದೆ.

ಈಗ ಎಡಗಡೆ ಝಗ್ ಅಂತ ಬಂತು. ಬಲಗಡೆ ಮಂಕು. ಮಗ ಹಿಂದೆ ನಿಂತು ನೋಡುತ್ತಿದ್ದವನು, "ಅಪ್ಪ, ಇಂಡಿಕೇಟರ್ ಹಾಕಿದರೆ ರಿವರ್ಸ್ ಲೈಟೂ ಕಣ್ಣು ಹೊಡೆಯುತ್ತೆ" ಅಂದ. ಇದು ಕೇಳಿದರೆ ಮೀಟರೇ ಬೇಡ, ಅರ್ತ್ ಹೋಗಿದೆ ಅಂತಲೇ ಅರ್ಥ. ಕರೆಂಟಿಗೆ ವಾಪಸ್ ಹೋಗಲು ಸರಿಯಾದ ದಾರಿ ಇಲ್ಲದೆ ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗುತ್ತಿರುತ್ತದೆ. ಬಲಗಡೆ ಅರ್ತ್ ವೈರ್ ಕಾರಿನ ತಗಡಿಗೆ ಬೋಲ್ಟ್ ಆಗುವ ಜಾಗದಲ್ಲಿ ತುಕ್ಕು ಹಿಡಿದಿತ್ತು. ಬೋಲ್ಟ್ ಬಿಚ್ಚಿ, ಎಮರಿ ಪೇಪರಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಬಳಿದೆ. ಬಲ್ಬ್ ಉರಿಯುತ್ತಿರುವಾಗಲೇ ಎರಡೂ ಕಡೆ 11.6 ವೋಲ್ಟ್. ಹಳೇ ಕಾರಿಗೆ ಅಷ್ಟು ಸಾಕು.

ಬೀಡಿಂಗ್ ಬದಲಾಯಿಸಿದ್ದೇ ಎಲ್ಲಕ್ಕಿಂತ ಜಾಸ್ತಿ ಖರ್ಚು. ಅದು ಬಿಟ್ಟು ಬೇರೆ ಎಲ್ಲ ಮಾಡಿದ್ದರೆ ಮುಂದಿನ ಆರಿದ್ರಾ ಮಳೆಗೆ ಮತ್ತೆ ಇದೇ ಕತೆ. ಸೆಪ್ಟೆಂಬರಿನಲ್ಲಿ ರಿನ್ಯೂವಲ್ ಆಯಿತು, ರಿವರ್ಸ್ ಹಾಕಿ ಅಂದರು, ಹಾಕಿದೆ, ಮುಂದೆ ಹೋಗಿ ಅಂದರು.

ಹಾರ್ನ್ ಡಬ್ಬಿಯನ್ನು ಮಗ ಬಿಡಲಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಒಂದು ವಾರ ಒಣಗಿಸಿ ಬ್ಯಾಟರಿಗೆ ಹಚ್ಚಿದ. ಕೀಂ ಅಂತ ಒಂದು ಸ್ವರ ಎಳೆದು ನಿಂತಿತು. ಒಳಗಿನಿಂದ ಇವಳು, "ರೀ, ಬೆಕ್ಕಿನ ಬಾಲ ತುಳಿದ್ರಾ?" ಅಂದಳು.