ಆಲಮಟ್ಟಿ ಹಿನ್ನೀರಿನ ಆಹಾರಜಾಲವನ್ನು ಕಟ್ಟಿದ ಬಗೆ

ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಆಸುಪಾಸಿನ ಹಿನ್ನೀರಿನಲ್ಲಿ ಯಾವ ಮೀನು ಯಾವುದನ್ನು ತಿಂದು ಬದುಕುತ್ತದೆ ಎಂಬ ಆಹಾರಜಾಲವನ್ನು ಕಟ್ಟಲು ಹೊರಟಾಗ ನನ್ನ ಕೈಯಲ್ಲಿದ್ದದ್ದು ಒಂದೇ ಬೇಸಿಗೆಯ ಮಾದರಿಗಳು. ಮೇಲ್ನೀರಿನ ಪ್ರಾಣಿಪ್ಲವಕಗಳನ್ನು (ತೇಲಾಡುವ ಸೂಕ್ಷ್ಮಜೀವಿಗಳನ್ನು) ತಿನ್ನುವ ಕಾಟ್ಲಾ, ತಳದ ಕೊಳೆತ ಕಸವನ್ನು ತಿನ್ನುವ ಮೃಗಾಲ್ ನನ್ನನ್ನು ಕಾಡಲಿಲ್ಲ. ಕಾಡಿದ್ದು ಬೇಟೆಗಾರ ಬಾಳೆಮೀನು: ಕೊಯ್ದ 11ರಲ್ಲಿ 7ರ ಹೊಟ್ಟೆ ಬರಿದಾಗಿತ್ತು.

ಬೀಳಗಿ ಕಡೆಯ ಮೀನುಗಾರ ಕಾಕಾ ಒಬ್ಬರನ್ನು ಕೇಳಿದೆ. “ರಾತ್ರಿ ಬಲಿಗೆ ಬಿದ್ದದ್ದರ ಹೊಟ್ಟ್ಯಾಗ ಮುಂಜಾನಿಕ ಏನ್ ಉಳೀತೈತ್ರೀ ಸರ?” ಎಂದರು. ಬಲೆಯಲ್ಲಿ ಸಿಕ್ಕ ಮೇಲೂ ಜೀರ್ಣಕ್ರಿಯೆ ನಡೆದೇ ಇರುತ್ತದೆ. ಎಷ್ಟೋ ಮೀನುಗಳು ಒದ್ದಾಡುವಾಗ ತಿಂದದ್ದನ್ನು ಕಕ್ಕಿಬಿಡುತ್ತವೆ. ಆದ್ದರಿಂದ ಬರಿದಾದ ಹೊಟ್ಟೆಗಳನ್ನು ‘ಏನೂ ತಿಂದಿಲ್ಲ’ ಎಂದು ಬರೆಯದೆ, ‘ಗೊತ್ತಿಲ್ಲ’ ಎಂಬ ಬೇರೆ ಕಲಮಿಗೆ ಹಾಕಿದೆ.

ಉಳಿದ ನಾಲ್ಕರಲ್ಲಿ ಒಂದರೊಳಗೆ ಬೂದುಬಣ್ಣದ ಲೋಳೆಯಷ್ಟೇ ಇತ್ತು. ಅದನ್ನು ಜರಡಿಯಲ್ಲಿ ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಸಾಸಿವೆಗಿಂತ ಚಿಕ್ಕದಾದ, ಹಲ್ಲುಗಳಿದ್ದ ಬಾಗಿದ ಎಲುಬೊಂದು ಕಂಡಿತು. ಅದು ಕಾರ್ಪ್ ಕುಟುಂಬದ ಮೀನುಗಳ ಗಂಟಲಿನಲ್ಲಿರುವ ಹಲ್ಲಿನ ಎಲುಬು; ಮಾಂಸ ಕರಗಿದರೂ ಅದು ಉಳಿಯುತ್ತದೆ. ಆದರೆ ಇದೇ ಕಾರಣಕ್ಕೆ ಎಲುಬು, ಚಿಪ್ಪು ಇರುವ ಆಹಾರ ಲೆಕ್ಕದಲ್ಲಿ ಹಿಗ್ಗಿ, ಮೆತ್ತನೆಯ ಹುಳುಗಳು ಕಾಣೆಯಾಗುತ್ತವೆ.

ಇಷ್ಟನ್ನೇ ನಂಬಿ, 1984ರಲ್ಲಿ ವಿಜ್ಞಾನಿ ಪೊಲೊವಿನಾ ಹವಾಯಿಯ ಹವಳದಿಬ್ಬವೊಂದಕ್ಕೆ ರೂಪಿಸಿದ, ಯಾವ ಜೀವಿ ಎಷ್ಟು ಬೆಳೆಯುತ್ತದೆ, ಎಷ್ಟು ತಿನ್ನಲ್ಪಡುತ್ತದೆ ಎಂದು ತಾಳೆ ನೋಡುವ ಎಕೋಪಾತ್ ಎಂಬ ಗಣಿತ ಮಾದರಿಗೆ ಅಂಕಿಗಳನ್ನು ತುಂಬಿದೆ. ಸಣ್ಣಮೀನುಗಳ ಬಳಕೆಯ ಅನುಪಾತ 1ನ್ನು ದಾಟಿತು. ಅಂದರೆ ಅವು ಬೆಳೆಯುವುದಕ್ಕಿಂತ ಹೆಚ್ಚು ತಿನ್ನಲ್ಪಡುತ್ತಿದ್ದವು. ಅದು ಆಗದ ಮಾತು. ಮಾದರಿ ಕೂಡಿಬರಲಿ ಎಂದು ಅಂಕಿ ತಿದ್ದುವ ಆಸೆಯಾದರೂ, ತಪ್ಪು ನನ್ನ ನಾಲ್ಕು ಹೊಟ್ಟೆಗಳಲ್ಲೇ ಇದೆಯೆಂದು ಒಪ್ಪಿಕೊಂಡು, ಬಾಳೆಮೀನಿನ ಜಾತಿ ಮತ್ತು ಅದರ ಹತ್ತಿರದ ಜಾತಿಗಳ ಬಗ್ಗೆ ಬೇರೆ ಜಲಾಶಯಗಳಲ್ಲಿ ಪ್ರಕಟವಾದ ವಿವರಗಳನ್ನು ಎರವಲು ತಂದೆ. ಇಲ್ಲಿಲ್ಲದ ಆಹಾರವನ್ನು ತೆಗೆದುಹಾಕಿ, ಸಿಗಡಿ ಮತ್ತು ಕೀಟಗಳ ಪಾಲನ್ನು ಸೇರಿಸಿದೆ. ಪ್ರತಿ ಸಾಲಿನ ಮುಂದೆ ‘ಸ್ವಂತ’, ‘ಅದೇ ಜಾತಿ’, ‘ಹತ್ತಿರದ ಜಾತಿ’ ಎಂದು ಗುರುತು ಹಾಕಿದೆ.

ಆಹಾರಜಾಲದಲ್ಲಿ ಪ್ರತಿ ಜೀವಿಯ ಹಂತವನ್ನು ಹೇಳುವ ಲೆಕ್ಕ ಸರಳ: ಸಸ್ಯಗಳದು 1, ತಿನ್ನುವ ಜೀವಿಯದು ಅದರ ಆಹಾರದ ಸರಾಸರಿ ಹಂತಕ್ಕಿಂತ 1 ಹೆಚ್ಚು. ಆಹಾರದ 0.6 ಪಾಲು 3ನೇ ಹಂತದ ಸಣ್ಣಮೀನು, 0.4 ಪಾಲು 2.5ರ ಸಿಗಡಿಯಾದರೆ ಬೇಟೆಗಾರನ ಹಂತ 1 + 1.8 + 1.0, ಅಂದರೆ 3.8. ಎರವಲು ಪಾಲುಗಳನ್ನು ಹೆಚ್ಚುಕಡಿಮೆ ಮಾಡಿ ನೂರಾರು ಬಾರಿ ಲೆಕ್ಕ ಹಾಕಿದಾಗ ಕಾಟ್ಲಾದ ಸ್ಥಾನ ಅಷ್ಟಾಗಿ ಕದಲಲಿಲ್ಲ, ಬಾಳೆಮೀನಿನದು ಓಲಾಡುತ್ತಲೇ ಇತ್ತು. ಹಾಗಾಗಿ ಅದಕ್ಕೆ ಒಂದೇ ಅಂಕಿಯನ್ನು ಕೊಡದೆ ಮಿತಿಗಳನ್ನು ಬರೆದಿದ್ದೇನೆ. ಈಗ ಕಾಕಾ ರಾತ್ರಿಯಲ್ಲೇ ಎರಡು ಬಾರಿ ಬಲೆ ಎತ್ತುತ್ತಾರೆ. ದಡಕ್ಕೆ ಬಂದ ಕೂಡಲೇ ನಾನು ಹೊಟ್ಟೆಯನ್ನು ಫಾರ್ಮಲಿನ್‌ಗೆ ಹಾಕುತ್ತೇನೆ.