ನೆಟ್ ಹತ್ತವಲ್ದು ಅಂತ ಲಿನಕ್ಸ್ ಅಳಿಸಬೇಡಿ, ಹರಿದ ಎಳೆ ಹುಡುಕಿ

ಗುಳೇದಗುಡ್ಡದಿಂದ ಅಣ್ಣನ ಮಗಳ ಫೋನು ಬಂದಾಗ ರಾತ್ರಿ ಎಂಟು ದಾಟಿತ್ತು. ‘ಕಾಕಾ, ವೈಫೈ ಹತ್ತೇತಿ ಅಂತ ತೋರಸ್ತೈತಿ, ಆದ್ರ ಒಂದೂ ಪೇಜ್ ತೆರಿಯವಲ್ದು. ಸ್ಕಾಲರ್‌ಶಿಪ್ ಅರ್ಜಿ ಹಾಕಾಕ ನಾಳಿಗೇ ಕಡೀ ದಿನ.’

ಲ್ಯಾಪ್‌ಟಾಪು ಸೆಕೆಂಡ್ ಹ್ಯಾಂಡ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ನಿಂತಿತು. ವಿಂಡೋಸ್ 11 ಹೊರುವ ಶಕ್ತಿ ಆ ಯಂತ್ರಕ್ಕಿಲ್ಲ. ಹಾಗಾಗಿ ನಾನೇ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟಿದ್ದೆ. ಊರಿನ ಅಂಗಡಿಯವರೊಬ್ಬರು ನೋಡಿ, ‘ಇದನ್ನ ತಗದ ಒಗದು ಬ್ಯಾರೆ ಹಾಕಬೇಕು’ ಅಂದಿದ್ದರಂತೆ. ಹುಡುಗಿ ಹೆದರಿದ್ದಳು.

ಅಣ್ಣ ಖಣ ನೇಯುವವನು. ಮಗ್ಗದ ಮೇಲೆ ಒಂದು ಎಳೆ ಹರಿದರೆ ಅವನು ಇಡೀ ಹಾಸು ಬಿಚ್ಚಿ ಹಾಕುವುದಿಲ್ಲ. ಹರಿದ ಎಳೆ ಯಾವುದೆಂದು ಬೆರಳಿಂದ ಸವರಿ ಹುಡುಕಿ, ಅಷ್ಟಕ್ಕೇ ಗಂಟು ಹಾಕಿ ಮುಂದೆ ನೇಯುತ್ತಾನೆ. ನೆಟ್ ಹತ್ತದಿದ್ದಾಗಲೂ ಮಾಡಬೇಕಾದದ್ದು ಇಷ್ಟೇ. ಫೋನಿನಿಂದ ಹೊರಟ ನೆಟ್ಟು ವೈಫೈ ಕಾರ್ಡಿಗೆ, ಅಲ್ಲಿಂದ ಆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೆ, ಆಮೇಲೆ ಬ್ರೌಸರಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿಯತನಕ ಬಂದಿದೆ, ಎಲ್ಲಿ ನಿಂತಿದೆ ಎಂದು ಒಂದು ತುದಿಯಿಂದ ನೋಡುತ್ತ ಹೋಗಬೇಕು. ಕಾರಣ ಗೊತ್ತಾಗುವ ಮೊದಲೇ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಒಂದು ತೊಡಕಿನ ಜಾಗದಲ್ಲಿ ಮೂರು ಹುಟ್ಟುತ್ತವೆ.

ಒಂದು ಸೂಚನೆ: ಕೆಳಗೆ ಕನ್ನಡದಲ್ಲಿ ಬರೆದ ಕಮಾಂಡುಗಳನ್ನು ಟರ್ಮಿನಲ್ (ಕಮಾಂಡು ಬರೆಯುವ ಕಿಟಕಿ) ತೆರೆದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಉಬುಂಟು, ಮಿಂಟ್ ಎಂಬ ಲಿನಕ್ಸಿನ ಎರಡೂ ಬಗೆಗಳಲ್ಲಿ ಟರ್ಮಿನಲ್ ತೆರೆಯುತ್ತದೆ. ‘ಸುಡೊ’ ಎಂದು ಶುರುವಾಗುವ ಕಮಾಂಡು ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪಾಸ್‌ವರ್ಡು ಪರದೆಯ ಮೇಲೆ ಕಾಣುವುದಿಲ್ಲ, ಗಾಬರಿ ಬೇಡ.

ಮೊದಲು ಕೇಬಲ್ ಹಾಕಿ ನೋಡಿ

ಎಲ್ಲರೂ ಹಾಟ್‌ಸ್ಪಾಟಿನಿಂದಲೇ ಶುರು ಮಾಡುತ್ತಾರೆ. ನಾನು ಮಾತ್ರ ಚಾರ್ಜಿಂಗ್ ಕೇಬಲ್ ತರಲು ಹೇಳುತ್ತೇನೆ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ವಿಭಾಗಕ್ಕೆ ಹೋಗಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಕೆಲವೇ ಸೆಕೆಂಡುಗಳಲ್ಲಿ ಲ್ಯಾಪ್‌ಟಾಪಿನ ಮೂಲೆಯಲ್ಲಿ ತಂತಿ ಸಂಪರ್ಕದ ಚಿಹ್ನೆ ಮೂಡುತ್ತದೆ. ಲಿನಕ್ಸಿಗೆ ಇದಕ್ಕಾಗಿ ಬೇರೇನೂ ಹಾಕಬೇಕಾಗಿಲ್ಲ, ಬೇಕಾದದ್ದು ಅದರ ತಿರುಳಾದ ಕರ್ನೆಲ್‌ನಲ್ಲೇ ಇರುತ್ತದೆ.

ಕೇಬಲ್ ಹಾಕಿದರೂ ಆ ಸ್ವಿಚ್ಚು ಮಸುಕಾಗಿಯೇ ಉಳಿದು ಒತ್ತಲು ಬರದಿದ್ದರೆ ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜಿಗೆಂದು ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಡೇಟಾ ಸಾಗಿಸುವ ಎಳೆಗಳೇ ಇರುವುದಿಲ್ಲ.

ಕೇಬಲ್ಲಿನಿಂದ ದೊಡ್ಡ ಅನುಕೂಲವೊಂದಿದೆ. ವೈಫೈ ಕಾರ್ಡು ಸತ್ತಿರಲಿ, ಅದಕ್ಕೆ ಡ್ರೈವರ್ ಇಲ್ಲದಿರಲಿ, ಕೇಬಲ್ಲಿಗೆ ಅದರ ಹಂಗಿಲ್ಲ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು ಎಂಬ ಬಿಕ್ಕಟ್ಟು ಇಲ್ಲೇ ಬಿಡಿಸಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಉಪಯೋಗವೂ ಇದೆ: ಮನೆಯ ವೈಫೈಗೆ ಫೋನನ್ನು ಸೇರಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಆ ವೈಫೈಯನ್ನೇ ಲ್ಯಾಪ್‌ಟಾಪಿಗೆ ದಾಟಿಸುತ್ತವೆ. ಅಂದರೆ ಫೋನೇ ಲ್ಯಾಪ್‌ಟಾಪಿನ ವೈಫೈ ಕಾರ್ಡಾಗಿ ದುಡಿಯುತ್ತದೆ. ಕಾರ್ಡು ಕೆಟ್ಟ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮುಗಿಯುವತನಕ ಹೀಗೆಯೇ ಓದಿ ದಾಟಿದ ಹುಡುಗರನ್ನು ನೋಡಿದ್ದೇನೆ.

ಕೇಬಲ್ಲಿನಲ್ಲಿ ನೆಟ್ ಬಂದು ವೈಫೈಯಲ್ಲಿ ಬರದಿದ್ದರೆ ಫೋನು, ಸಿಮ್ಮು, ಬ್ರೌಸರು ಎಲ್ಲವೂ ಸರಿ ಎಂದಾಯಿತು, ತೊಡಕು ವೈಫೈ ಬದಿಯಲ್ಲೇ ಇದೆ. ಕೇಬಲ್ಲಿನಲ್ಲೂ ಬರದಿದ್ದರೆ ವೈಫೈ ಕೆದಕಿ ಉಪಯೋಗವಿಲ್ಲ, ಈ ಲೇಖನದ ಕೊನೆಯ ಭಾಗಕ್ಕೆ ಹೋಗಿ.

ಹಾಟ್‌ಸ್ಪಾಟು ಮತ್ತು ನಮ್ಮ ಗೋಡೆಗಳು

ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೂ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಅದರ ಹೆಸರೇ ಕಾಣುವುದಿಲ್ಲ, ಪಕ್ಕದ ಮನೆಯವರ ವೈಫೈ ಮಾತ್ರ ಕಾಣುತ್ತದೆ. ಹೀಗಾದಾಗ ಲ್ಯಾಪ್‌ಟಾಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ವೈಫೈ ಹೆಚ್ಚಾಗಿ ಎರಡು ಅಲೆಪಟ್ಟಿಗಳಲ್ಲಿ ಓಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹಳೆಯ ಲ್ಯಾಪ್‌ಟಾಪುಗಳ ಎಷ್ಟೋ ಕಾರ್ಡುಗಳಿಗೆ ಮೊದಲನೆಯದು ಮಾತ್ರ ಗೊತ್ತು. ಫೋನು 5ರಲ್ಲಿ ಹಾಟ್‌ಸ್ಪಾಟ್ ಹಾಕಿದ್ದರೆ ಅಂಥ ಲ್ಯಾಪ್‌ಟಾಪಿನ ಪಾಲಿಗೆ ಅದು ಇಲ್ಲವೇ ಇಲ್ಲ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ‘ಬ್ಯಾಂಡ್’ ಎಂದಿದ್ದಲ್ಲಿ 2.4 ಆರಿಸಿ. ಕೆಲವು ಫೋನುಗಳಲ್ಲಿ ಇದೇ ಕೆಲಸಕ್ಕೆ ‘ಎಕ್ಸ್‌ಟೆಂಡ್ ಕಂಪ್ಯಾಟಿಬಿಲಿಟಿ’ ಎಂಬ ಸ್ವಿಚ್ಚಿದೆ. ಐಫೋನ್ 12 ಮತ್ತು ಆನಂತರದವುಗಳಲ್ಲಿ ಅದರ ಹೆಸರು ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’.

ಬಾಗಲಕೋಟೆ ಜಿಲ್ಲೆಯ ಹಳೆಯ ಮನೆಗಳಲ್ಲಿ 2.4 ಇಡಲು ಇನ್ನೊಂದು ಕಾರಣವಿದೆ. ಗುಳೇದಗುಡ್ಡ, ಬಾದಾಮಿ, ಇಳಕಲ್ಲಿನ ಕಲ್ಲು-ಮಣ್ಣಿನ ಗೋಡೆಗಳು ಮೊಳ ದಪ್ಪ ಇರುತ್ತವೆ. ಬೇಸಿಗೆಯಲ್ಲಿ ಬಿಸಿಲನ್ನು ತಡೆಯುವ ಅದೇ ಗೋಡೆ 5 ಗಿಗಾಹರ್ಟ್ಸ್ ಅಲೆಯನ್ನೂ ತಡೆಯುತ್ತದೆ. ಎತ್ತರದ ಅಲೆ ವೇಗವಾಗಿ ಡೇಟಾ ಒಯ್ಯುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಕಿಟಕಿಯ ಹತ್ತಿರ ಟವರ್ ಚೆನ್ನಾಗಿ ಸಿಗುತ್ತದೆಂದು ಫೋನನ್ನು ಪಡಸಾಲೆಯ ಕಿಟಕಿಯಲ್ಲಿಟ್ಟು, ಲ್ಯಾಪ್‌ಟಾಪನ್ನು ನಡುಮನೆಯಲ್ಲಿ ಇಟ್ಟುಕೊಂಡು ಓದುವವರಿಗೆ 2.4 ಅಷ್ಟೇ ಗತಿ. ಒಂದೇ ಕೋಣೆಯಲ್ಲಿ ಎದುರುಬದುರು ಇದ್ದರೆ, ಕಾರ್ಡು ಹೊಸದಾಗಿದ್ದರೆ, 5 ಇಟ್ಟುಕೊಳ್ಳಿ.

ಹೆಸರು ಕಂಡರೂ, ಪಾಸ್‌ವರ್ಡ್ ಸರಿಯಿದ್ದರೂ ಸೇರದಿದ್ದರೆ ಹಾಟ್‌ಸ್ಪಾಟಿನ ಸೆಕ್ಯುರಿಟಿ ನೋಡಿ. ಡಬ್ಲ್ಯೂಪಿಎ3 ಇದ್ದರೆ ಡಬ್ಲ್ಯೂಪಿಎ2ಕ್ಕೆ ಇಳಿಸಿ, ಹಳೆಯ ಕಾರ್ಡುಗಳಿಗೆ 3ರ ಭಾಷೆ ತಿಳಿಯದು. ಪಾಸ್‌ವರ್ಡ್ ಬದಲಿಸಿದ್ದರೆ ಲ್ಯಾಪ್‌ಟಾಪಿನಲ್ಲಿ ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಸೇರಿಸಿ.

ದಿನಕ್ಕೆ ಇಷ್ಟೇ ಜಿಬಿ ಎಂಬ ಪ್ಯಾಕಿನವರು ಇನ್ನೊಂದು ಕೆಲಸ ಮಾಡಲೇಬೇಕು. ಉಬುಂಟುವಿನಲ್ಲಿ ವೈಫೈ ಹೆಸರಿನ ಪಕ್ಕದ ಹಲ್ಲುಚಕ್ರದ ಚಿಹ್ನೆ ಒತ್ತಿ, ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಇದನ್ನು ಮಾಡಿದರೆ ತಂತಾನೇ ಇಳಿಯುವ ಅಪ್‌ಡೇಟುಗಳಲ್ಲಿ ಬಹಳಷ್ಟು ತಡೆದು ನಿಲ್ಲುತ್ತವೆ.

ಲ್ಯಾಪ್‌ಟಾಪಿನಿಂದ ಮನೆಯವರಿಗೆಲ್ಲ

ಉಲ್ಟಾ ದಾರಿಯೂ ಉಂಟು. ಲ್ಯಾಪ್‌ಟಾಪಿಗೆ ತಂತಿಯಲ್ಲಿ ಬಂದ ನೆಟ್ಟನ್ನು ಅದರ ವೈಫೈ ಮೂಲಕ ಮನೆಯ ಫೋನುಗಳಿಗೆ ಹಂಚಬಹುದು. ಉಬುಂಟುವಿನ ವೈಫೈ ಸೆಟ್ಟಿಂಗಿನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿದರೆ ‘ಟರ್ನ್ ಆನ್ ವೈಫೈ ಹಾಟ್‌ಸ್ಪಾಟ್’ ಸಿಗುತ್ತದೆ. ಹೆಸರು, ಎಂಟಕ್ಕೆ ಕಡಿಮೆಯಿಲ್ಲದ ಅಕ್ಷರಗಳ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಲ್ಯಾಪ್‌ಟಾಪು ತನಗೆ 10.42.0.1 ಎಂಬ ವಿಳಾಸ ಇಟ್ಟುಕೊಂಡು, ಸೇರಿದ ಫೋನುಗಳಿಗೆ ಅದೇ ಸಾಲಿನ ವಿಳಾಸ ಹಂಚುತ್ತದೆ.

ಇಲ್ಲಿ ಎಡವುವುದು ಒಂದೇ ಕಡೆ. ನೆಟ್ಟು ವೈಫೈಯಲ್ಲೇ ಬರುತ್ತಿದ್ದು, ಅದೇ ವೈಫೈಯಲ್ಲಿ ಹಂಚಲು ಹೊರಟರೆ ಬರುವ ನೆಟ್ಟೇ ಕಡಿದುಹೋಗುತ್ತದೆ. ಕಾರ್ಡಿನಲ್ಲಿ ರೇಡಿಯೊ ಒಂದೇ, ಅದು ಹೆಚ್ಚಾಗಿ ಒಂದು ಹೊತ್ತಿಗೆ ಒಂದೇ ಪಾತ್ರ ಮಾಡುತ್ತದೆ. ಹಾಗಾಗಿ ನೆಟ್ಟನ್ನು ಈಥರ್ನೆಟ್ ತಂತಿಯಲ್ಲೋ ಫೋನಿನ ಯುಎಸ್‌ಬಿ ಕೇಬಲ್ಲಿನಲ್ಲೋ ಒಳಗೆ ತನ್ನಿ, ವೈಫೈಯನ್ನು ಹಂಚಲು ಬಿಡಿ. ಫೋನುಗಳು ‘ವಿಳಾಸ ಪಡೆಯುತ್ತಿದೆ’ ಎಂಬಲ್ಲೇ ನಿಂತರೆ, ನೀವು ಹಿಂದೆ ಯಾವಾಗಲಾದರೂ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲು) ಆನ್ ಮಾಡಿದ್ದಿರೇ ಎಂದು ನೆನಪಿಸಿಕೊಳ್ಳಿ. ಎರಡು ನಿಮಿಷ ಅದನ್ನು ಆಫ್ ಮಾಡಿ ಪರೀಕ್ಷಿಸಿ. ಅದೇ ಕಾರಣವೆಂದು ಖಾತ್ರಿಯಾದರೆ ಹಾಟ್‌ಸ್ಪಾಟಿನ ಕಡೆಯಿಂದ ಬರುವುದಕ್ಕೆ ಅನುಮತಿ ಕೊಟ್ಟು ಫೈರ್‌ವಾಲನ್ನು ಮತ್ತೆ ಆನ್ ಮಾಡಿ.

ವೈಫೈ ಚಿಹ್ನೆಯೇ ಕಾಣದಿದ್ದರೆ

ಮೊದಲ ಕಮಾಂಡು: ‘ಆರ್‌ಎಫ್‌ಕಿಲ್ ಲಿಸ್ಟ್’. ಮೊದಲ ಪದವನ್ನು ಆರ್, ಎಫ್, ಕೆ, ಐ, ಎಲ್, ಎಲ್ ಎಂದು ಕೂಡಿಸಿ ಬರೆಯಬೇಕು. ಬಂದ ಸಾಲುಗಳಲ್ಲಿ ವೈರ್‌ಲೆಸ್ ಎಂದಿರುವುದರ ಕೆಳಗೆ ನೋಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ತಂತ್ರಾಂಶ ವೈಫೈಯನ್ನು ಆಫ್ ಮಾಡಿದೆ ಎಂದರ್ಥ. ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದು ಕೊಟ್ಟರೆ ಸಾಕು.

‘ಹಾರ್ಡ್ ಬ್ಲಾಕ್ಡ್: ಯೆಸ್’ ಇದ್ದರೆ ಯಾವ ಕಮಾಂಡಿಗೂ ಅದು ಜಗ್ಗುವುದಿಲ್ಲ. ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ವೈಫೈಗೆಂದೇ ಒಂದು ಸಣ್ಣ ಜಾರುಗುಂಡಿ ಇರುತ್ತಿತ್ತು. ಚೀಲದಲ್ಲಿ ಇಡುವಾಗ, ತೆಗೆಯುವಾಗ ಅದು ಸರಿದುಬಿಡುತ್ತದೆ. ಬೆರಳಿಟ್ಟು ಅಂಚೆಲ್ಲ ಸವರಿ ನೋಡಿ. ಗುಂಡಿ ಇಲ್ಲದಿದ್ದರೆ ಮೇಲಿನ ಸಾಲಿನ ಕೀಲಿಗಳಲ್ಲಿ ಆಂಟೆನಾ ಅಥವಾ ವಿಮಾನದ ಚಿತ್ರವಿರುವುದನ್ನು ಎಫ್‌ಎನ್ ಜೊತೆಗೆ ಒತ್ತಿ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಕೆಲವೊಮ್ಮೆ ಕಾರ್ಡನ್ನು ಅರ್ಧನಿದ್ರೆಯಲ್ಲೇ ಬಿಟ್ಟು ಹೋಗುತ್ತದೆ.

ಪಟ್ಟಿಯಲ್ಲಿ ವೈರ್‌ಲೆಸ್ ಸಾಲೇ ಇಲ್ಲದಿದ್ದರೆ ಡ್ರೈವರ್ ಇಲ್ಲ ಎಂದು ಶಂಕಿಸಿ. ‘ಎಲ್‌ಎಸ್‌ಪಿಸಿಐ’ ಎಂದು ಕೊಟ್ಟು, ನೆಟ್‌ವರ್ಕ್ ಕಂಟ್ರೋಲರ್ ಎಂದಿರುವ ಸಾಲಿನಲ್ಲಿ ಯಾವ ಕಂಪನಿಯ ಕಾರ್ಡು ಎಂದು ನೋಡಿ. ಇಂಟೆಲ್ ಕಾರ್ಡುಗಳ ಡ್ರೈವರ್ ಲಿನಕ್ಸ್ ಜೊತೆಯಲ್ಲೇ ಬರುತ್ತದೆ. ಬ್ರಾಡ್‌ಕಾಮ್‌ನ ಕೆಲವು ಹಳೆಯ ಕಾರ್ಡುಗಳಿಗೆ ಬೇರೆಯಾಗಿ ಹಾಕಬೇಕು. ಈಗ ಮೊದಲು ಹೇಳಿದ ಯುಎಸ್‌ಬಿ ಕೇಬಲ್ಲಿನ ಸರದಿ: ಅದರಿಂದ ನೆಟ್ ಕೊಟ್ಟು, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’, ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ತೆರೆಯಿರಿ. ಸೂಚಿಸಿದ ಡ್ರೈವರ್ ಆರಿಸಿ, ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಆಗುವಾಗ ಕಣ್ಣು ಪರದೆಯ ಮೇಲಿರಲಿ. ಯಂತ್ರದಲ್ಲಿ ‘ಸೆಕ್ಯೂರ್ ಬೂಟ್’ ಆನ್ ಇದ್ದರೆ ಡ್ರೈವರ್ ಹಾಕುವಾಗಲೇ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ, ಮರುಚಾಲನೆಯಲ್ಲಿ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ, ‘ಕಂಟಿನ್ಯೂ’, ‘ಯೆಸ್’ ಒತ್ತಿ, ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಚಹಾಕ್ಕೆಂದು ಎದ್ದುಹೋದರೆ ಅದು ತಾನೇ ಮುಂದೆ ಸಾಗುತ್ತದೆ, ಡ್ರೈವರ್ ಹಾಕಿಯೂ ಹಾಕದಂತಾಗುತ್ತದೆ.

ಹತ್ತಿದೆ, ಆದರೆ ಪುಟ ತೆರೆಯದು

ಅಣ್ಣನ ಮಗಳು ಸಿಕ್ಕಿಬಿದ್ದದ್ದು ಇಲ್ಲಿ. ಫೋನಿನಲ್ಲೇ ಹೇಳಿದೆ: ‘ಟರ್ಮಿನಲ್ ತಗಿ. ಪಿಂಗ್ ಅಂತ ಬರದು, ಒಂದು ಜಾಗ ಬಿಟ್ಟು, 8.8.8.8 ಹೊಡಿ.’ ಸಾಲು ಸಾಲಾಗಿ ಉತ್ತರ ಬರತೊಡಗಿತು. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ ಒತ್ತಬೇಕು. ಉತ್ತರ ಬಂತೆಂದರೆ ನೆಟ್ಟು ಊರು ದಾಟಿ ಹೊರಗೆ ಹೋಗಿ ವಾಪಸು ಬರುತ್ತಿದೆ. ಬರದಿದ್ದರೆ ಫೋನಿನ ಡೇಟಾ ಮುಗಿದಿದೆಯೇ, ಟವರ್ ಇದೆಯೇ ಎಂದು ಅಲ್ಲೇ ನೋಡಿ.

ಮುಂದಿನ ಹೆಜ್ಜೆ, ಅಂಕಿಯ ಬದಲು ಯಾವುದಾದರೂ ಜಾಲತಾಣದ ಹೆಸರಿಟ್ಟು ಪಿಂಗ್ ಮಾಡುವುದು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್‌ನಲ್ಲಿ ದೋಷ. ವೈಫೈ ಸೆಟ್ಟಿಂಗಿನ ಐಪಿವಿ4 ಪುಟದಲ್ಲಿ ಡಿಎನ್‌ಎಸ್ ಮುಂದಿನ ‘ಆಟೊಮ್ಯಾಟಿಕ್’ ತೆಗೆದು 1.1.1.1 ಅಥವಾ 8.8.8.8 ತುಂಬಿ, ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಅವಳಿಗೆ ಹೆಸರಿಗೂ ಉತ್ತರ ಬಂತು. ನೆಟ್ಟು ಪೂರ್ತಿ ಸರಿಯಿತ್ತು.

‘ಪೇಜ್ ತೆರದಾಗ ಏನ ಬರತೈತಿ, ಓದು.’

‘ಕನೆಕ್ಷನ್ ಸುರಕ್ಷಿತ ಇಲ್ಲ ಅಂತೈತಿ ಕಾಕಾ. ಎಲ್ಲಾ ಸೈಟಿಗೂ ಅದ.’

‘ತಾರೀಖ್ ಎಷ್ಟ್ ತೋರಸ್ತೈತಿ?’

ಎರಡು ವರ್ಷ ಹಿಂದಿನ ತಾರೀಖು. ಜಾಲತಾಣಗಳು ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಲ್ಯಾಪ್‌ಟಾಪಿನ ಗಡಿಯಾರ ಹಿಂದಿದ್ದರೆ ಆ ಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಬ್ರೌಸರು ಬಾಗಿಲು ಹಾಕುತ್ತದೆ. ಅಂಥ ಎಚ್ಚರಿಕೆಯನ್ನು ದಾಟಿಸಿ ಮುಂದೆ ಹೋಗುವ ಗುಂಡಿ ಒತ್ತಬೇಡಿ. ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ವಿವರ ತುಂಬುವವರಂತೂ ಒತ್ತಲೇಬಾರದು. ಗಡಿಯಾರ ಸರಿಮಾಡಿ.

‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ ಎಂಬ ಒಂದು ಸಾಲು ಕೊಡಿಸಿದೆ. ‘ಟೈಮ್‌ಡೇಟ್‌ಸಿಟಿಎಲ್’ ಜಾಗ ಬಿಡದೆ ಬರೆಯುವ ಒಂದೇ ಪದ. ಇದರಿಂದ ಸಮಯವನ್ನು ನೆಟ್ಟಿನಿಂದಲೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಆನ್ ಆಗುತ್ತದೆ. ಸೆಟ್ಟಿಂಗ್ಸ್‌ನ ದಿನಾಂಕ ಮತ್ತು ಸಮಯದ ಪುಟದಲ್ಲೂ ಇದರ ಸ್ವಿಚ್ಚಿದೆ, ಅವಳ ಯಂತ್ರದಲ್ಲಿ ಅದು ಹೇಗೋ ಆಫ್ ಆಗಿತ್ತು. ತಾರೀಖು ಸರಿಯಾಯಿತು, ಪುಟ ತೆರೆಯಿತು, ಹತ್ತೂವರೆಯ ಹೊತ್ತಿಗೆ ಅರ್ಜಿಯ ಸ್ವೀಕೃತಿ ನನ್ನ ಫೋನಿಗೂ ಬಂತು.

ತಾರೀಖು ಹಿಂದೆ ಬಿದ್ದದ್ದೇಕೆ ಎಂಬುದು ಉಳಿದಿತ್ತು. ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಸತ್ತು ವರ್ಷವಾಗಿದೆ, ಅದು ನೇರ ಕರೆಂಟಿನ ಮೇಲೆಯೇ ನಡೆಯುತ್ತದೆ. ಕರೆಂಟು ಹೋದಾಗ ಗಡಿಯಾರವನ್ನು ಜೀವಂತ ಇಡಬೇಕಾದದ್ದು ಮದರ್‌ಬೋರ್ಡಿನ ಮೇಲಿನ ನಾಣ್ಯದಷ್ಟಗಲದ ಒಂದು ಸೆಲ್ಲು. ಅದೂ ಮುಗಿದಿತ್ತು. ಪ್ರತಿ ಸಲ ಕರೆಂಟು ಹೋಗಿ ಬಂದಾಗ ತಾರೀಖು ಹಿಂದಕ್ಕೆ ಜಾರುತ್ತಿತ್ತು. ಈ ಸೆಲ್ಲು ಬಹಳಷ್ಟು ಯಂತ್ರಗಳಲ್ಲಿ ಸಿಆರ್2032, ಗಡಿಯಾರದ ಅಂಗಡಿಗಳಲ್ಲಿ ಸಿಗುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಎರಡು ತಂತಿಯ ಸಣ್ಣ ಕನೆಕ್ಟರ್ ಇರುತ್ತದೆ, ಅಂಥದ್ದನ್ನು ಬಿಚ್ಚಿ ನೋಡಿಯೇ ಅದರ ಜೋಡಿ ತರಬೇಕು. ಮುಂದಿನ ಭಾನುವಾರ ಗುಳೇದಗುಡ್ಡಕ್ಕೆ ಹೋದಾಗ ತಳದ ಸ್ಕ್ರೂ ಬಿಚ್ಚಿ ಸೆಲ್ಲು ಬದಲಿಸಿದೆ. ಅಣ್ಣ ಮಗ್ಗದಿಂದ ಎದ್ದು ಬಂದು ಟಾರ್ಚು ಹಿಡಿದು ನಿಂತಿದ್ದ.